ದಾರಿ ಕಾದವಳ ಕಲ್ಲು

ಚಕ್ರಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟ ಹೆಸರು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಬೆಳಗಾದರೆ ಸುತ್ತುವವಳನ್ನು ಬೀದಿಯಾದರೂ ಇನ್ನೇನೆಂದು ಕರೆದೀತು? ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದಳೆಂದರೆ ಬಾಗಿಲಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಮೂಲೆಯ ಅಂಗಡಿಗೆ. ಅಂಗಡಿಯವನ ಹೆಂಡತಿಯ ಮಂಡಿನೋವು ವಿಚಾರಿಸಿ ಬರುವಷ್ಟರಲ್ಲಿ ಇತ್ತ ಹಾಲು ಉಕ್ಕಿ ಒಲೆ ತೊಳೆದಿರುತ್ತಿತ್ತು. ಊಟ ನಿಂತೇ. ಮಾತು ನಡೆಯುತ್ತಲೇ. ನಿದ್ದೆಯಲ್ಲೂ ಕಾಲಾಡಿಸುತ್ತಾಳೆ ಎಂದು ಗಂಡನ ದೂರು. "ರಾತ್ರಿಯೆಲ್ಲ ಎಲ್ಲೆಲ್ಲಿ ಹೋಗಿ ಬರ್ತೀಯೋ ಗೊತ್ತಿಲ್ಲ, ಹೊದಿಕೆ ಮಾತ್ರ ನಿನ್ನ ಜೊತೆಗೇ ಹೊರಟಿರುತ್ತೆ" ಎನ್ನುತ್ತಿದ್ದ.

ಅಂಥವಳಿಗೆ ಒದಗಿದ ಕಸುಬು ನೋಡಿ: ಕಲ್ಲಿನ ಮೇಲೆ ಅಕ್ಷರ ಕೆತ್ತುವುದು. ಕೂತಲ್ಲೇ ಕೂತು, ಉಸಿರು ಹಿಡಿದು ಮಾಡುವ ಕೆಲಸ. ನಮ್ಮ ಅಕ್ಷರಗಳೆಲ್ಲ ದುಂಡು ದುಂಡು. ಕಲ್ಲಿಗೋ ನೇರ ಗೆರೆಯೇ ಇಷ್ಟ. ಒತ್ತಕ್ಷರದ ಬಾಲ ತಿರುಗಿಸುವಲ್ಲಿ ಉಳಿ ಕೂದಲೆಳೆಯಷ್ಟು ಜಾರಿದರೆ ಸಾಕು, ಚಂದದ ಅಕ್ಷರಕ್ಕೆ ಸೊಟ್ಟ ಮೂಗು. ರಬ್ಬರಿನಿಂದ ಒರೆಸುವ ಹಾಗಿಲ್ಲ, ಮೇಲೆ ಬಣ್ಣ ಬಳಿದು ಮುಚ್ಚುವ ಹಾಗಿಲ್ಲ. ಕಲ್ಲು ಒಮ್ಮೆ ತಪ್ಪಾಡಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದನ್ನೇ ಆಡುತ್ತಿರುತ್ತದೆ.

ಕಸುಬು ಗಂಡನ ಅಪ್ಪನದು. ಆ ಮಾವ ಮೊದಲು ಮಗನಿಗೇ ಕಲಿಸಲು ನೋಡಿದ್ದ. ಮಗ ಕೆತ್ತಿದ ಮೊದಲ ಪದದಲ್ಲೇ 'ಮ' ಎರಡು ಹೋಳಾಯಿತು. "ನೀನು ಕಲ್ಲು ಒಡೆಯೋನು, ಕೆತ್ತೋನಲ್ಲ" ಎಂದು ಅಪ್ಪ ಕೈ ಮುಗಿದ ಮೇಲೆ ಮಗ ಅದೇ ಶೆಡ್ಡಿನ ಮುಂಭಾಗದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟ. "ಸೈಕಲ್ಲಿಗೆ ದೀರ್ಘ ಇಲ್ಲ, ಕೊಂಬಿಲ್ಲ. ಗಾಳಿ ಹೋದ್ರೆ ಗಾಳಿ ತುಂಬು, ಅಷ್ಟೇ" ಎಂದು ನೆಮ್ಮದಿಯಾಗಿದ್ದ. ಹಿಂಭಾಗದಲ್ಲಿ ಮುದುಕ ಒಬ್ಬನೇ ಉಳಿದ. ಹೊಸದಾಗಿ ಬಂದ ಸೊಸೆ ಮನೆಯಲ್ಲಿ ನಿಲ್ಲಲಾರದೆ ಅಲ್ಲಿಗೆ ಹೋದಳು, ಅವನ ಸುತ್ತ ಗಿರಕಿ ಹೊಡೆಯುತ್ತ ನೋಡಿದಳು, ಒಂದು ದಿನ ಅವನು ನೀರು ಕುಡಿಯಲು ಎದ್ದಾಗ ಉಳಿ ಎತ್ತಿಕೊಂಡು ಅರ್ಧಕ್ಕೆ ಬಿಟ್ಟಿದ್ದ 'ಳು' ಮುಗಿಸಿಬಿಟ್ಟಳು. ಮಾವ ಬಂದು ನೋಡಿದ. ಬೆರಳಿಂದ ಸವರಿದ. ಬಯ್ಯಲಿಲ್ಲ. ಆಮೇಲೆ ಅವಳು ಒಂದು ಅಕ್ಷರ ಕೆತ್ತುವುದು, ಎದ್ದು ಶೆಡ್ಡು ಸುತ್ತಿ ಬರುವುದು, ಇನ್ನೊಂದು ಅಕ್ಷರ ಕೆತ್ತುವುದು, ಹೀಗೇ ಪದ್ಧತಿಯಾಯಿತು. "ಸುತ್ತಲಿ ಬಿಡು, ಅವಳು ಬರೋಷ್ಟರಲ್ಲಿ ಕಲ್ಲಿಗೂ ಸುಧಾರಿಸಿಕೊಳ್ಳೋಕೆ ಪುರುಸೊತ್ತು ಸಿಗುತ್ತೆ" ಎನ್ನುತ್ತಿದ್ದ ಮುದುಕ. ಅವನು ತೀರಿಕೊಂಡಾಗ ಅವನ ಕಲ್ಲನ್ನೂ ಅವಳೇ ಕೆತ್ತಿದಳು. ಆವತ್ತು ಶೆಡ್ಡು ಸಾಲದೆ ಊರನ್ನೇ ಸುತ್ತಿ ಬಂದಿದ್ದಳು.

ಗಂಡನನ್ನು ಕರೆಯುವುದು 'ರೀ' ಎಂದು, ಮಾತು ಬಹುವಚನದಲ್ಲಿ. ಬೈಯುವಾಗಲೂ ಮರ್ಯಾದೆಗೆ ಕುಂದಿಲ್ಲ. ಇದರಿಂದ ದಿನಾ ಒಂದು ಫಜೀತಿ. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ ಸಾಲು ಅಳಿಸೀತೆಂದು ಅವಳು ಒಳಗಿನಿಂದ "ರೀ, ಮುಟ್ಬೇಡಿ!" ಎಂದು ಕೂಗಿದರೆ ಸೈಕಲ್ ಅಂಗಡಿಯ ಗಿರಾಕಿಗಳೆಲ್ಲ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

"ನಿಮಗಲ್ಲ ಸ್ವಾಮಿ, ನಂಗೆ" ಎಂದು ಗಂಡ ಸಮಾಧಾನ ಮಾಡುತ್ತಿದ್ದ.

"ನಿಮಗೋ ನಮಗೋ ಹೇಗಪ್ಪಾ ಗೊತ್ತಾಗ್ಬೇಕು?"

"ಬೈಗುಳ ನಾಲಿಗೆ ಮೇಲಿಟ್ಟು ನೋಡಿ. ಖಾರ ಇದ್ರೆ ನಂದು."

ಹೀಗಿರುವಾಗ ಊರಿನ ಪುರಸಭೆಗೆ ಒಂದು ಹುಕಿ ಬಂತು. ಕಥೆಯಿರುವ ಜಾಗಕ್ಕೆಲ್ಲ ಒಂದೊಂದು ನೆನಪಿನ ಕಲ್ಲು ನಿಲ್ಲಿಸಬೇಕು! ರಾಜ ಬಂದ, ಕೋಟೆ ಬಿತ್ತು ಎನ್ನುವಂಥ ಊರಲ್ಲ ಅದು. ಅಲ್ಲಿದ್ದ ಕಥೆಗಳೇ ಬೇರೆ. ಸಮಿತಿಯೊಂದು ಹುಟ್ಟಿಕೊಂಡಿತು, ನಿವೃತ್ತ ಮೇಷ್ಟ್ರೊಬ್ಬರು ಮನೆಮನೆಗೆ ಹೋಗಿ ಕಥೆ ಕೇಳಿ ಒಂದೊಂದು ಸಾಲಿಗೆ ಇಳಿಸಿದರು, ಕೆತ್ತುವ ಕೆಲಸ ಚಕ್ರಕ್ಕನಿಗೆ ಬಂತು. ಬಸ್ ನಿಲ್ದಾಣದ ಕಲ್ಲಿಗೆ: 'ಊರಿಗೆ ಬಂದ ಮೊದಲ ಬಸ್ಸು ಇಲ್ಲಿ ಕೆಟ್ಟು ನಿಂತಿತು.' ಬಿಡಿಭಾಗ ಬರುವವರೆಗೆ ಅಲ್ಲೇ ಉಳಿದ ಪ್ರಯಾಣಿಕರು ಅಂಗಡಿ ಹಾಕಿ, ಸಂಸಾರ ಹೂಡಿ, ಈಗ ಆ ಬೀದಿಯಲ್ಲಿ ಅರ್ಧದಷ್ಟು ಮನೆ ಅವರ ವಂಶದವರದೇ. ಗಡಿಯಾರದ ಅಂಗಡಿಯ ಪಕ್ಕದ ಗೋಡೆಗೆ: 'ಮುನಿಸಿಕೊಂಡ ಅಣ್ಣತಮ್ಮಂದಿರು ಈ ಗೋಡೆಯ ಆಚೆ ಈಚೆ ಕೂತು ರಾಜಿಯಾದರು.'

ಕಲ್ಲು ನಿಲ್ಲುವ ಮೊದಲೇ ಜನ ಶೆಡ್ಡಿಗೆ ಬಂದು ತಕರಾರು ತೆಗೆಯುತ್ತಿದ್ದರು. ಮೊದಲ ಬಸ್ಸಿನ ಡ್ರೈವರನ ಮೊಮ್ಮಗ ಬಂದ. "ಅಕ್ಕಾ, ಆ 'ಕೆಟ್ಟು' ತೆಗೀರಿ. ಬಸ್ಸೇನೂ ಕೆಟ್ಟಿರಲಿಲ್ಲ. ನಮ್ಮ ತಾತ ಬೇಕಂತಲೇ ನಿಲ್ಲಿಸಿದ್ದು."

"ಯಾಕಂತೆ?"

"ಜಾಗ ಚೆನ್ನಾಗಿತ್ತಂತೆ."

"ಮೇಷ್ಟ್ರ ಹತ್ರ ಹೇಳಪ್ಪ. ನಾನು ಕೆತ್ತೋಳು, ಕೆಡಿಸೋಳಲ್ಲ" ಎಂದು ಸಾಗಹಾಕಿದಳು. ಬೇರೆಯವರ ಕಥೆಗೆ ಅವಳ ಉಳಿ ತಡವರಿಸಿದ್ದಿಲ್ಲ. ಬರೆದು ಕೊಟ್ಟದ್ದನ್ನು ಕೆತ್ತಿದಳು, ಸುತ್ತಿದಳು, ಮತ್ತೆ ಕೆತ್ತಿದಳು. ಕೊನೆಗೆ ಸೇತುವೆಯ ಕಲ್ಲಿನ ಸರದಿ ಬಂತು. ಮೇಷ್ಟ್ರು ಕಳಿಸಿದ ಸಾಲು ಹೀಗಿತ್ತು: 'ಹಳೆಯ ಸೇತುವೆ ಕೊಚ್ಚಿಹೋದ ಸಂಜೆ ಒಬ್ಬ ತಾಯಿ ಇಲ್ಲಿ ದೀಪ ಹಿಡಿದು ದಾರಿ ಕಾದಳು.'

ಆ ತಾಯಿ ಚಕ್ರಕ್ಕನ ಅಜ್ಜಿ, ಅಮ್ಮನ ಅಮ್ಮ.

ಊರಿನಲ್ಲಿ ಅಜ್ಜಿಯ ಬಗ್ಗೆ ಎರಡು ಕಥೆ. ನದಿ ಉಕ್ಕಿ ಸೇತುವೆಯ ನಡುಭಾಗ ಹೋದಾಗ ಅವಳು ಲಾಟೀನು ಹಿಡಿದು ಅಡ್ಡ ನಿಂತಳು, ಕತ್ತಲಲ್ಲಿ ನೀರಿಗೆ ಬೀಳಲಿದ್ದವರನ್ನೆಲ್ಲ ತಡೆದಳು ಎಂಬುದು ಒಂದು. ಆ ಕಥೆಯಲ್ಲಿ 'ದಾರಿ ಕಾದಳು' ಎಂದರೆ ಕಾವಲು ನಿಂತಳು. ಇನ್ನೊಂದು ಕಥೆಯಲ್ಲಿ ಅವಳ ಗಂಡ ಊರೂರು ತಿರುಗುವ ನಾಟಕ ಕಂಪನಿಯ ಹಿಂದೆ ಹೋದವನು ಹಿಂದಿರುಗಲೇ ಇಲ್ಲ. ಅವಳು ದಿನಾ ಸಂಜೆ ಸೇತುವೆಯ ತುದಿಗೆ ಹೋಗಿ ನಿಂತು ನಿಂತು ಅಲ್ಲೇ ಮುದುಕಿಯಾದಳು. ಆ ಕಥೆಯಲ್ಲಿ 'ದಾರಿ ಕಾದಳು' ಎಂದರೆ, ಎಲ್ಲರಿಗೂ ಗೊತ್ತಿರುವ ಹಾಗೆ, ಬಾರದವನಿಗಾಗಿ ಕಾದಳು.

ಶಾಲೆಯ ಮಕ್ಕಳಿಗೆ ಎರಡನೆಯದೇ ಬಾಯಿಗೆ ರುಚಿ. ಚಕ್ರಕ್ಕ ಚಿಕ್ಕವಳಿದ್ದಾಗ ಸಾಲಿನಲ್ಲಿ ಒಂದು ಗಳಿಗೆ ಸುಮ್ಮನೆ ನಿಂತರೆ ಮುಗಿಯಿತು: "ಏಯ್, ಯಾರ ದಾರಿ ಕಾಯ್ತಿದ್ದೀಯೇ? ಅಜ್ಜಂದಾ?" ಕಿಟಕಿಯ ಬಳಿ ನಿಂತರೆ "ಬಂದ್ರಾ?" ನೀರಿನ ನಲ್ಲಿಯ ಹತ್ತಿರ ನಿಂತರೆ "ಈ ಬಸ್ಸಿಗೂ ಬರ್ಲಿಲ್ವಾ?" ಅವಳು ನಿಲ್ಲುವುದನ್ನೇ ಬಿಟ್ಟಳು. ನಿಂತರೆ ತಾನೇ ಕೇಳುವುದು? ಓಡಾಡುವವಳನ್ನು ಹಿಡಿದು ಯಾರು ಕೇಳುತ್ತಾರೆ? ನಿಂತವಳ ಮೊಮ್ಮಗಳ ಕಾಲಿಗೆ ಚಕ್ರ ಬಂದದ್ದು ಹೀಗೆ.

ಈಗ ಆ ಮಾತು ಅವಳದೇ ಶೆಡ್ಡಿಗೆ, ಅವಳದೇ ಉಳಿಗೆ ಬಂದು ಕೂತಿತ್ತು. 'ಕಾದಳು' ಎಂದು ಕೆತ್ತಿದರೆ ಆ ಕುಚೇಷ್ಟೆ ಕಲ್ಲಾಗುತ್ತದೆ. ಬಸ್ಸಿನವರು ಓದುತ್ತಾರೆ, ಶಾಲೆಯ ಮಕ್ಕಳು ಓದುತ್ತಾರೆ, ಓದಿ ನಗುತ್ತಾರೆ. 'ದಾರಿ ಕಾವಲು ನಿಂತಳು' ಎಂದು ಕೆತ್ತಿದರೆ? ಆಗ ಒಂದೇ ಕಥೆ. ಇನ್ನೊಂದು ಸತ್ತ ಹಾಗೆ. ಕೊಲ್ಲುವ ಅವಕಾಶ ಜೀವಮಾನದಲ್ಲಿ ಒಮ್ಮೆ ಕೈಗೆ ಬಂದಿದೆ. ಬಿಟ್ಟುಕೊಟ್ಟರೆ ತಾನೊಬ್ಬ ಹೆಡ್ಡಿ.

ಕೈ ಒರೆಸಿಕೊಳ್ಳದೆ ಮೇಷ್ಟ್ರ ಮನೆಗೆ ಹೊರಟಳು. ಮೇಷ್ಟ್ರು ಜಗಲಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು.

"ಸಾರ್, ಆ ಸಾಲಿನ ಕೊನೇ ಪದ ಬದಲಾಯಿಸ್ಬೇಕು. ಕಾದಳು ಬೇಡ. ಕಾವಲು ನಿಂತಳು ಅಂತ ಹಾಕ್ತೀನಿ."

"ಎರಡೂ ಒಂದೇ ಅಲ್ವೇನಮ್ಮ?"

"ಒಂದೇ ಆಗಿದ್ರೆ ಇಷ್ಟು ದೂರ ಯಾಕೆ ಬರ್ತಿದ್ದೆ?"

"ನಿನಗೆ ದೂರ ಹೋಗೋಕೆ ಕಾರಣ ಬೇರೆ ಬೇಕಾ?" ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ, ಜಗಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಮೇಷ್ಟ್ರ ಕತ್ತೂ ಅವಳ ಹಿಂದೆ ಆ ಕಡೆ ಈ ಕಡೆ ತಿರುಗುತ್ತಿತ್ತು. "ನೋಡಮ್ಮ, ಊರಲ್ಲಿ ಕೇಳಿದೆ. ಅರ್ಧ ಜನ ಹಾಗಂದ್ರು, ಅರ್ಧ ಜನ ಹೀಗಂದ್ರು. ಸಮಿತೀಲಿ ಕುರ್ಚಿ ಎತ್ತೋ ಹಾಗೆ ಜಗಳ ಆಯ್ತು. ಅದಕ್ಕೇ ಎರಡನ್ನೂ ಹೊಟ್ಟೇಲಿ ಹಾಕ್ಕೊಳ್ಳೋ ಪದ ಹುಡುಕಿ ಇಟ್ಟೆ. ಹೇಡಿತನ ಅಂದ್ರೂ ಸರಿ."

"ಹಾಗಾದ್ರೆ ಬದಲಾಯಿಸ್ಲಾ?"

ಅವರು ಕನ್ನಡಕ ಏರಿಸಿಕೊಂಡರು. "ಆವತ್ತು ಅಲ್ಲಿದ್ದು, ಇವತ್ತು ಬದುಕಿರೋದು ನಿಮ್ಮಮ್ಮ ಒಬ್ಬರೇ. ನಾನು ಕೇಳೋಕೆ ಹೋದೆ. 'ಏನಾದ್ರೂ ಬರ್ಕೊಳ್ಳಿ' ಅಂದು ಒಳಗೆ ಹೋಗ್ಬಿಟ್ರು. ಅವರು ಹೂಂ ಅಂದ್ರೆ ನನ್ನ ಹೂಂ ಕೂಡ. ಕೇಳ್ಕೊಂಡು ಬಾ."

ಅಮ್ಮನನ್ನು ಕೇಳುವುದು! ಅಮ್ಮ ಬೇರೆಲ್ಲೂ ಇಲ್ಲ, ಚಕ್ರಕ್ಕನ ಮನೆಯಲ್ಲೇ ಇದ್ದಾಳೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಕೂತರೆ ಕೂತಲ್ಲೇ, ಮಗಳ ಪಾಲಿನ ಕೂರುವಿಕೆಯನ್ನೂ ತಾನೇ ಕೂತು ಮುಗಿಸುವವಳ ಹಾಗೆ. ದರ್ಜಿ ಕೆಲಸ ಮಾಡಿ ಮಗಳನ್ನು ಬೆಳೆಸಿದವಳು. ಈಗ ಕಣ್ಣು ಮಂಜಾದರೂ ಕೈಗೆ ಯಾವುದಾದರೂ ಬಟ್ಟೆಯ ಅಂಚು ಬೇಕು. ತನ್ನ ಅಮ್ಮನ ಬಗ್ಗೆ ಅವಳು ಎಂದೂ ಬಾಯಿ ಬಿಟ್ಟವಳಲ್ಲ. ಶಾಲೆಯಿಂದ ಅಳುತ್ತ ಬಂದ ಮಗಳಿಗೂ "ಹೇಳೋರು ಹೇಳ್ಕೊಳ್ಳಿ, ಮುಖ ತೊಳ್ಕೋ" ಎಂದಷ್ಟೇ ಹೇಳಿದ್ದಳು.

ಚಕ್ರಕ್ಕ ಆವತ್ತು ಕೇಳಲಿಲ್ಲ. ಮೇಷ್ಟ್ರ ಮನೆಯಿಂದ ಸೀದಾ ಬರುವ ಬದಲು ಮಾರುಕಟ್ಟೆ ಸುತ್ತಿ, ಶಾಲೆಯ ಹಿಂದಿನಿಂದ ಹಾದು, ಬೇಡದ ಒಂದು ಪೊರಕೆ ಕೊಂಡು ಬಂದಳು. ಮರುದಿನವೂ ಕೇಳಲಿಲ್ಲ. ಕೇಳದೆ ಕೆಲಸಕ್ಕೆ ಕೂತಳು. ಹೇಗೂ ಸಾಲಿನ ಬಹುಪಾಲಿಗೆ ತಕರಾರಿಲ್ಲವಲ್ಲ! 'ಹಳೆಯ ಸೇತುವೆ ಕೊಚ್ಚಿಹೋದ ಸಂಜೆ' ಕೆತ್ತಿದಳು. 'ಚ್ಚಿ'ಯ ಒತ್ತು ಒಂದೇ ಏಟಿಗೆ ಸರಿಬಂತು. 'ಒಬ್ಬ ತಾಯಿ' ಕೆತ್ತಿ ಮೂರು ಬೀದಿ ಸುತ್ತಿ ಬಂದಳು. 'ಇಲ್ಲಿ ದೀಪ ಹಿಡಿದು ದಾರಿ' ಆಯಿತು. ಮುಂದೆ 'ಕಾ'. ಕಾದಳು ಎಂದರೂ 'ಕಾ', ಕಾವಲು ಎಂದರೂ 'ಕಾ'. ಅದನ್ನೂ ಕೆತ್ತಿದಳು. ದೀರ್ಘದ ಬಾಲ ಎಳೆದು ಮುಗಿಸಿ ಉಳಿ ಕೆಳಗಿಟ್ಟಳು. ಇನ್ನು ಮುಂದೆ ಒಂದು ಹೆಜ್ಜೆ ಇಟ್ಟರೂ ಯಾವುದಾದರೊಂದು ದಾರಿ ಹಿಡಿಯಲೇಬೇಕು.

ಕಲ್ಲು ಹಾಗೇ ಉಳಿಯಿತು: ಒಬ್ಬ ತಾಯಿ ಇಲ್ಲಿ ದೀಪ ಹಿಡಿದು ದಾರಿ ಕಾ.

ಟ್ಯೂಬು ಹಿಡಿದುಕೊಂಡು ಒಳಗೆ ಬಂದ ಗಂಡ ಓದಿದ. "ಮುಂದೇನು, ಕಾಗೆ ಅಂತಾನಾ?"

"ರೀ, ನಿಮ್ಮ ಕೆಲಸ ನೋಡ್ಕೊಳ್ಳಿ."

ಹೊರಗೆ ಪಂಪು ಹಿಡಿದಿದ್ದ ಗಿರಾಕಿ ಸರಕ್ಕನೆ ಪಂಪಿಗೆ ಬಗ್ಗಿದ. ಗಂಡ ದನಿ ತಗ್ಗಿಸಿದ. "ಏನೇ, ಮೂರು ದಿನದಿಂದ 'ಕಾ' ಹತ್ರಾನೇ ನಿಂತಿದ್ದೀಯಲ್ಲ."

"ನಿಂತಿಲ್ಲ! ಎಲ್ಲಿ ನಿಂತಿದ್ದೀನಿ?" ಎಂದು ಅವಳು ಎಗರಿದಳು. ಎಗರಿದ ರಭಸಕ್ಕೆ ಅವಳಿಗೇ ನಾಚಿಕೆಯಾಯಿತು.

"ನೀನು ನಿಂತಿಲ್ಲ ಮಾರಾಯ್ತಿ. ನೀನು ಊರೆಲ್ಲ ಸುತ್ತಿದ್ದೀಯ. ಕಲ್ಲು ನಿಂತಿದೆ." ಅವನು ಟ್ಯೂಬಿಗೆ ಅಂಟು ಹಚ್ಚುತ್ತ ಹೇಳಿದ. "ಎಲ್ಲಾ ಬೀದಿಗೂ ಹೋದೆ. ನಮ್ಮ ಮನೆ ಕಿಟಕಿ ಹತ್ರ ಒಂದು ಬಿಟ್ಟು."

ಆ ಮಾತು ನಾಟಿತು. ಅವಳು ಮನೆಗೆ ಹೋದಳು. ಅಮ್ಮ ಒಂದು ಅಂಗಿಯ ತೋಳಿಗೆ ಗುಂಡಿ ಹಚ್ಚುತ್ತಿದ್ದಳು, ಕಣ್ಣಿನಿಂದಲ್ಲ, ಬೆರಳಿನಿಂದ ನೋಡಿ.

"ಅಮ್ಮಾ, ಅಜ್ಜಿ ಕಲ್ಲಿಗೆ ಕಾವಲು ನಿಂತಳು ಅಂತ ಹಾಕ್ತೀನಿ. ಮೇಷ್ಟ್ರು ಒಪ್ಪಿದ್ದಾರೆ. ನೀನು ಹೂಂ ಅನ್ನು."

"ಮೇಷ್ಟ್ರು ಏನಂತ ಬರೆದಿದ್ದಾರೆ?"

"ದಾರಿ ಕಾದಳು ಅಂತ."

ಸೂಜಿ ಬಟ್ಟೆಯೊಳಗೆ ಹೋಗಿ ಆಚೆ ಬಂತು. "ಹಾಗೇ ಇರ್ಲಿ."

ಚಕ್ರಕ್ಕನಿಗೆ ರೇಗಿತು. "ಹಾಗೇ ಇರ್ಲಿ! ನಿಂಗೇನು, ಕೂತ್ಕೊಂಡು ಅಂದ್ಬಿಡ್ತೀಯ. ಶಾಲೇಲಿ ಅನ್ನಿಸ್ಕೊಂಡೋಳು ನಾನು. ಮದುವೆಗೆ ಮುಂಚೆ ಇವರ ಸೋದರತ್ತೆ ಏನಂದ್ಲು ಗೊತ್ತಾ? 'ಕಾಯೋ ಮನೆತನದ ಹುಡುಗಿ, ಮಗನನ್ನ ಬಾಗಿಲಲ್ಲೇ ಕಟ್ಟಿ ಹಾಕ್ತಾಳೆ' ಅಂದ್ಲು. ಅದನ್ನೇ ಕಲ್ಲಲ್ಲಿ ಕೆತ್ತಲಾ, ನನ್ನ ಕೈಯಾರೆ? ಅಜ್ಜಿ ಅಷ್ಟು ಜನರ ಜೀವ ಉಳಿಸಿದ್ಲೋ ಇಲ್ವೋ? ಅದೊಂದೇ ಸಾಕು ಊರಿಗೆ!"

ಬಾಗಿಲಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ತಿರುಗುತ್ತ ಅಂದಳು. ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು.

"ಕೂತ್ಕೋ."

"ಹೇಳು, ಕೇಳಿಸ್ತಿದೆ."

"ಕೂತ್ರೆ ಹೇಳ್ತೀನಿ. ಇಲ್ದಿದ್ರೆ ಇಲ್ಲ."

ಚಕ್ರಕ್ಕ ಕೂತಳು. ಕುರ್ಚಿಯ ತುದಿಯಲ್ಲಿ, ಎದ್ದೇಬಿಡುವವಳ ಹಾಗೆ. ಕಾಲು ಕುಣಿಯತೊಡಗಿತು. ಅಮ್ಮ ಕಾದಳು. ಕಾಲು ನಿಂತ ಮೇಲೆ ಮಾತು ತೆಗೆದಳು.

"ನಿಮ್ಮಜ್ಜ ನಾಟಕ ಕಂಪನಿಯ ಗುಡಾರ ಹೊಲೀತಿದ್ರು. ಹೋಗ್ತಿದ್ರು, ಬರ್ತಿದ್ರು. ಬರುವಾಗ ಸೇತುವೆ ಆಚೆ ತುದೀಲೇ ಬೆರಳಿಟ್ಟು ಒಂದು ಸೀಟಿ ಹಾಕೋರು. ಮಧ್ಯದಲ್ಲಿ ಮುರಿದ ಸೀಟಿ. ಅದು ಕೇಳಿಸಿದ್ರೆ ಅಮ್ಮ ಒಲೆಗೆ ನೀರಿಡೋಳು. ಕೊನೇ ಸಲ ಹೋದೋರು ತುಂಬಾ ದಿನ ಬರ್ಲಿಲ್ಲ. ಅಮ್ಮ ಸಂಜೆ ನನ್ನ ಕೈ ಹಿಡ್ಕೊಂಡು ಸೇತುವೆಗೆ ಹೋಗೋಳು. ಹೌದು, ದಾರಿ ಕಾಯೋಕೇ. ಊರು ಸುಳ್ಳು ಹೇಳಿಲ್ಲ."

ಚಕ್ರಕ್ಕನ ಕಾಲು ಮತ್ತೆ ಕುಣಿಯಿತು. ಅಮ್ಮ ಮಾತು ನಿಲ್ಲಿಸಿ, ಕೈ ಚಾಚಿ, ಅವಳ ಮಂಡಿಯ ಮೇಲೆ ಇಟ್ಟಳು. ಕೈ ಅಲ್ಲೇ ಉಳಿಯಿತು.

"ಅದಕ್ಕೇ ಆವತ್ತು ಅಲ್ಲಿದ್ವಿ. ಬೇರೆ ಯಾರು ಅಂಥ ಗಾಳೀಲಿ ನದಿ ಹತ್ರ ಇರ್ತಾರೆ? ಸೇತುವೆ ಮಧ್ಯ ಹೋದಾಗ ಶಬ್ದ ಆಗ್ಲಿಲ್ಲ. ನೀರಿನ ಶಬ್ದದೊಳಗೇ ಅದೂ ಸೇರ್ಕೊಂಡ್ಬಿಡ್ತು. ನೋಡ್ತಿದ್ದ ಹಾಗೇ ಸೇತುವೆ ಇರೋ ಜಾಗದಲ್ಲಿ ಆಕಾಶ ಕಾಣಿಸ್ತು. ಕತ್ತಲಾಗ್ತಿತ್ತು. ಆಚೆ ದಡದಿಂದ ಸಂತೆ ಮುಗಿಸಿದೋರು ಬರೋ ಹೊತ್ತು. ಅಮ್ಮ ಲಾಟೀನು ಮೇಲೆತ್ತಿ ಆಡಿಸಿದ್ಲು. ಗಂಟಲು ಹರಿಯೋ ಹಾಗೆ ಕೂಗಿದ್ಲು, 'ಬರಬೇಡೀ, ಬರಬೇಡೀ' ಅಂತ. ಆಚೆ ದೀಪಗಳೆಲ್ಲ ಒಂದೊಂದಾಗಿ ನಿಂತ್ವು."

"ಅಷ್ಟೇ ಅಲ್ವಾ ಮತ್ತೆ? ಕಾವಲೇ ಅಲ್ವಾ ಅದು?"

"ಆಗ ಸೀಟಿ ಕೇಳಿಸ್ತು."

ಚಕ್ರಕ್ಕ ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡಳು.

"ಮುರಿದ ಸೀಟಿ. ನಂಗೂ ಕೇಳಿಸ್ತು. ನಾನು 'ಅಪ್ಪ' ಅಂದೆ. ಅಮ್ಮನ ಕೈಲಿದ್ದ ಲಾಟೀನು ಗಕ್ಕನೆ ನಿಂತ್ಬಿಡ್ತು. ಆಡಿಸೋದು ಬಿಟ್ರೆ ಆಚೆಯೋರು ದಾರಿ ಇದೆ ಅಂತ ಬಂದ್ಬಿಡ್ತಾರೆ. ಮತ್ತೆ ಆಡಿಸಿದ್ಲು. ಮತ್ತೆ ಕೂಗಿದ್ಲು, 'ಬರಬೇಡೀ' ಅಂತ. ಇನ್ನೊಂದು ಸಲ ಸೀಟಿ ಆಯ್ತು. ಅಮ್ಮ ಇನ್ನೊಂದು ಸಲ 'ಬರಬೇಡೀ'. ಆಮೇಲೆ ಸೀಟಿ ಇಲ್ಲ."

ಹೊರಗೆ ಯಾರದೋ ಸೈಕಲ್ ಬೆಲ್ಲು. ಅದು ದೂರ ಹೋದ ಮೇಲೆ ಅಮ್ಮ ಮುಂದುವರಿಸಿದಳು.

"ನೀರು ಇಳಿದ ಮೇಲೆ ದೋಣೀಲಿ ಬಂದೋರು ಹೇಳಿದ್ರು, ಗಂಟು ಹೊತ್ತಿದ್ದ ಒಬ್ಬ ಇದ್ದ, ಸೀಟಿ ಹಾಕಿದ, ಸ್ವಲ್ಪ ಹೊತ್ತು ನಿಂತಿದ್ದು ಬಂದ ದಾರೀಲೇ ಹೋದ ಅಂತ. ಅಷ್ಟು ದಿನ ಬಿಟ್ಟು ಬಂದ ಗಂಡ. ಈಚೆ ದಡದಲ್ಲಿ ಹೆಂಡತಿ 'ಬರಬೇಡಿ' ಅಂತಿದ್ದಾಳೆ. ಅವರಿಗೆ ಸೇತುವೆ ಮುರಿದಿದ್ದು ಕಾಣಿಸ್ತೋ ಇಲ್ವೋ. ಊರಿಗೆಲ್ಲ ಹೇಳ್ತಿದ್ದಾಳೆ ಅಂದ್ಕೊಂಡ್ರೋ, ನಂಗೆ ಹೇಳ್ತಿದ್ದಾಳೆ ಅಂದ್ಕೊಂಡ್ರೋ. ಮಾತು ಒಂದೇ ತಾನೇ? ಹತ್ತು ಜನಕ್ಕೂ ಬರಬೇಡಿ, ಗಂಡನಿಗೂ ಬರಬೇಡಿ."

ಚಕ್ರಕ್ಕನ ಕಣ್ಣ ಮುಂದೆ ಸೈಕಲ್ ಅಂಗಡಿಯ ಗಿರಾಕಿಗಳು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. ನಿಮಗೋ ನಮಗೋ ಹೇಗಪ್ಪಾ ಗೊತ್ತಾಗಬೇಕು?

"ಅಜ್ಜಿ ಯಾರಿಗೆ ಹೇಳಿದ್ದು, ಅಮ್ಮ?"

"ನಾನೂ ಕೇಳಿದೆ, ದೊಡ್ಡವಳಾದ ಮೇಲೆ. 'ಎಲ್ಲರ ಜೊತೆ ಅವರಿಗೂ ಹೇಳಿದೆ. ಅವರು ಬಿದ್ರೆ ಮಾತ್ರ ನದಿ ಬಿಡ್ತಿತ್ತಾ?' ಅಂದ್ಲು. ಆಮೇಲೆ ಅಂದ್ಲು, 'ಅವರೊಬ್ಬರಿಗೆ ಬೇರೆ ಥರ ಹೇಳೋಕೆ ಒಂದು ಮಾತಿದ್ದಿದ್ರೆ ಚೆನ್ನಾಗಿತ್ತು' ಅಂತ. ಹೊಸ ಸೇತುವೆ ಆದ ಮೇಲೂ ದಿನಾ ಹೋಗಿ ನಿಲ್ತಿದ್ಲಲ್ಲ, ಅದು ಬರ್ತಾರೆ ಅಂತಲ್ಲ. ಬಂದ್ರೆ 'ಬನ್ನಿ' ಅನ್ಬೇಕು ಅಂತ. ಕೂಗಿದ ಜಾಗದಲ್ಲೇ ನಿಂತು ಅನ್ಬೇಕು ಅಂತ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಊರಲ್ಲಿ ಎರಡು ಕಥೆ ಓಡಾಡ್ತಿದ್ವು. ಇದೊಂದು ಮನೇಲೇ ಇರ್ಲಿ ಅನ್ನಿಸ್ತು." ಅಮ್ಮ ಮಂಡಿಯಿಂದ ಕೈ ತೆಗೆದಳು. "ಈಗ ಹೇಳು. ಕಾವಲು ಅಂತ ಕೆತ್ತಿದ್ರೆ ನಿಮ್ಮಜ್ಜನ್ನ ಎಲ್ಲಿಡ್ತೀಯ? ಆಚೆ ದಡದಲ್ಲೇ ಬಿಡ್ತೀಯಾ?"

ಚಕ್ರಕ್ಕ ಎದ್ದಳು. ಎದ್ದವಳು ನೇರ ಶೆಡ್ಡಿಗೆ ಹೋಗಲಿಲ್ಲ. ಅಷ್ಟು ಬೇಗ ಬುದ್ಧಿ ಬರುವ ಜೀವವಲ್ಲ ಅದು. ಅಜ್ಜಿಯ ಮೇಲೆ ಸಿಟ್ಟು ಬಂತು, ಅಜ್ಜನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಒಂದು ಮಾತಿಗೆ ತಿರುಗಿ ಹೋಗುವುದೇ? ಮರುದಿನ ಬೆಳಕಲ್ಲಿ ಬಂದು ನೋಡಬಾರದಿತ್ತೇ? ಮಾರುಕಟ್ಟೆ ಸುತ್ತಿದಳು. ಶಾಲೆಯ ಗೇಟಿನ ಮುಂದೆ ಹಾದಳು. ಎದುರಾದವರು "ಎಲ್ಲಿಗೆ ಚಕ್ರಕ್ಕಾ?" ಎಂದರೆ "ಇಲ್ಲೇ" ಎಂದಳು. ಇಷ್ಟು ವರ್ಷ ತಾನು ಓಡಿದ್ದು ಯಾವುದರಿಂದ ಎಂದು ನೋಡಿದರೆ, ಅದು ನಾಚಿಕೆ ಪಡುವಂಥದ್ದೇ ಅಲ್ಲವಲ್ಲ! ಹಾಗೆಂದು ಗೊತ್ತಾದ ಕೂಡಲೇ ಕಾಲು ನಿಲ್ಲುತ್ತದೆಯೇ? ಅದು ನಿಲ್ಲಲಿಲ್ಲ. ಸುತ್ತಿ ಸುತ್ತಿ ಸಾಕಾಗಿ ಶೆಡ್ಡಿಗೆ ಬಂದಾಗ ಗಂಡ ಅಂಗಡಿಯ ಬಾಗಿಲು ಎಳೆಯುತ್ತಿದ್ದ.

"ರೀ, ಸ್ವಲ್ಪ ಇರಿ. ಹೋಗ್ಬೇಡಿ."

ದಾರಿಯಲ್ಲಿ ಹೋಗುತ್ತಿದ್ದ ತರಕಾರಿಯವನು ಗಾಡಿ ನಿಲ್ಲಿಸಿದ. "ನಂಗಾ ಅಕ್ಕಾ?"

ಚಕ್ರಕ್ಕ ಅವನನ್ನು ನೋಡಿದಳು. ನಗು ಬಂತು, ಅದರ ಬೆನ್ನಿಗೇ ಕಣ್ಣೂ ತುಂಬಿತು. "ನಿಮಗಲ್ಲಪ್ಪ. ಇವರಿಗೆ. ಇವರೊಬ್ಬರಿಗೇ" ಎಂದು ಬೆರಳು ತೋರಿಸಿ ಹೇಳಿದಳು. ಅಷ್ಟು ವರ್ಷದಲ್ಲಿ ಅವಳು ಹಾಗೆ ಬಿಡಿಸಿ ಹೇಳಿದ್ದು ಅದೇ ಮೊದಲು. ಗಂಡ ಟೋಪಿ ತೆಗೆದು ತಲೆ ಕೆರೆದುಕೊಂಡ. ಏನೋ ಆಗಿದೆ ಎಂದು ತಿಳಿದು, ಕೇಳದೆ, ದೀಪ ಹಚ್ಚಿ ಕಲ್ಲಿನ ಬಳಿ ಹಿಡಿದು ನಿಂತ.

'ದ' ಕೆತ್ತಿದಳು. ಎದ್ದು ಸುತ್ತಲಿಲ್ಲ. 'ಳು' ಕೆತ್ತಿದಳು. ಮಾವ ಅರ್ಧಕ್ಕೆ ಬಿಟ್ಟಿದ್ದ ಆ ಮೊದಲ 'ಳು'ವಿನ ಕೊಂಬಿನಂತೆಯೇ ಇದೂ ಬಂತು.

ಕಲ್ಲು ನಿಲ್ಲಿಸಿದ ದಿನ ಸೇತುವೆಯ ತುದಿಯಲ್ಲಿ ಒಂದಿಷ್ಟು ಜನ. ಮೇಷ್ಟ್ರು ಬಟ್ಟೆ ಸರಿಸಿದರು, ಓದಿದರು, ಚಕ್ರಕ್ಕನ ಕಡೆ ನೋಡಿ ಹುಬ್ಬೇರಿಸಿದರು. "ಬದಲಾಯಿಸ್ಲಿಲ್ವಾ?"

"ನಿಮ್ಮ ಪದದ ಹೊಟ್ಟೇಲಿ ಇನ್ನೂ ಜಾಗ ಇತ್ತು ಸಾರ್. ಇನ್ನೊಂದು ಕಥೇನೂ ಹಾಕ್ದೆ" ಎಂದಳು. ಅವರಿಗೆ ಅರ್ಥವಾಗಲಿಲ್ಲ. ಕೇಳುವಷ್ಟರಲ್ಲಿ ಅವರ ಹಿಂದೆ ವಾಗ್ವಾದ ಶುರುವಾಗಿತ್ತು. "ನೋಡಿದ್ರಾ, ಕಾವಲು ಅಂತ್ಲೇ ಹಾಕಿದ್ದಾರೆ" ಎಂದು ಒಬ್ಬ, "ಕಾದಳು ಅಂತಿದೆ, ಕಣ್ಣು ಕಾಣ್ಸಲ್ವಾ? ಗಂಡನಿಗೇ ಕಾದಿದ್ದು" ಎಂದು ಇನ್ನೊಬ್ಬ, "ಬೇಕಂತಲೇ ನಿಲ್ಲಿಸಿದ್ದು ಅಂತ ಬರೀಬೇಕಿತ್ತು" ಎಂದು, ಸಂಬಂಧವೇ ಇಲ್ಲದೆ, ಬಸ್ಸಿನ ಡ್ರೈವರನ ಮೊಮ್ಮಗ.

ಅಮ್ಮ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದಳು. ಗುಂಡಿ ಹಚ್ಚುವ ಬೆರಳಿಗೆ ಕಣ್ಣು ಬೇಕಿಲ್ಲ. ಆಮೇಲೆ ಆಚೆ ದಡಕ್ಕೆ ಮುಖ ಮಾಡಿದಳು. ಮೆಲ್ಲಗೆ ಏನೋ ಅಂದಳು. ಸಾಲದೆನ್ನಿಸಿತೋ ಏನೋ, ಗಂಟಲು ಸರಿಮಾಡಿಕೊಂಡು ಜೋರಾಗಿ ಅಂದಳು:

"ಬನ್ನೀ."

ವಾದ ಮಾಡುತ್ತಿದ್ದವರೆಲ್ಲ ಗಪ್ಪಾದರು. ತಮ್ಮನ್ನೇ ಕರೆದರೆಂದು ಒಬ್ಬೊಬ್ಬರಾಗಿ ಹತ್ತಿರ ಬಂದು ಸುತ್ತ ನಿಂತರು. ಸೇತುವೆಯ ಮೇಲೆ ಆಚೆಯಿಂದ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು "ಬಂದೆ, ಬಂದೆ ಅಜ್ಜೀ" ಎಂದು ನಗುತ್ತ ಹೆಜ್ಜೆ ಚುರುಕು ಮಾಡಿದಳು. ಅಮ್ಮನಿಗೆ ಮುಜುಗರವಾಯಿತು. "ಅಯ್ಯೋ, ನಿಮಗಲ್ಲ" ಎನ್ನಲು ಬಾಯಿ ತೆರೆದಳು, ಏಕೋ ಅನ್ನಲಿಲ್ಲ. "ಬನ್ನಿ, ಬನ್ನಿ, ನೋಡಿ" ಎಂದು ಕಲ್ಲಿಗೆ ಜಾಗ ಬಿಟ್ಟಳು.

ಚಕ್ರಕ್ಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊಸ ಸೇತುವೆಯ ಮೇಲೆ ನಡೆದುಹೋದಳು. ಊರೆಲ್ಲ ಸುತ್ತಿದವಳು ಆಚೆ ತುದಿಯಲ್ಲಿ ಎಂದೂ ತಿರುಗಿ ನಿಂತಿರಲಿಲ್ಲ. ಗಂಟು ಹೊತ್ತವನು ನಿಂತಿರಬಹುದಾದ ಜಾಗ ಯಾವುದೆಂದು ಹುಡುಕಿದಳು. ಅಲ್ಲೊಂದು ತಂಪು ಪಾನೀಯದ ಗೂಡಂಗಡಿ, ಒಂದು ಕಸದ ತೊಟ್ಟಿ, ಅಷ್ಟೇ. ತಿರುಗಿ ನೋಡಿದಳು. ನದಿಯ ಮೇಲಿನ ಗಾಳಿಗೆ ಈಚೆಯ ಮಾತೊಂದೂ ಕೇಳುತ್ತಿರಲಿಲ್ಲ. ಕಲ್ಲು ಕಪ್ಪು ಚುಕ್ಕೆ. ಅದರ ಪಕ್ಕ ಅಮ್ಮ, ಬೆರಳುದ್ದ. ಅಮ್ಮ ಕೈ ಮೇಲೆತ್ತಿದ್ದಳು. ಆ ಕೈ ಬಾ ಎನ್ನುತ್ತಿತ್ತೋ, ಅಲ್ಲೇ ಇರು ಎನ್ನುತ್ತಿತ್ತೋ, ಬಿಸಿಲಿಗೆ ಕಣ್ಣಿಗೆ ಅಡ್ಡ ಹಿಡಿದದ್ದೋ, ಇಷ್ಟು ದೂರಕ್ಕೆ ತಿಳಿಯುವ ಹಾಗಿರಲಿಲ್ಲ.

ತಿಳಿಯುವವರೆಗೆ ಕಾಯುವವರ ಪೈಕಿ ಅಲ್ಲ ಅವಳು.

"ಬಂದೇ!" ಎಂದು ಕೂಗಿದಳು. ಕೇಳಿಸಿತೋ ಇಲ್ಲವೋ. ಹೊರಟೇಬಿಟ್ಟಳು.